ಹೊಸ ಮನೆ, ಹಿತ್ತಲಲ್ಲಿ ವರ್ಕ್‌ಶಾಪ್: ಎಷ್ಟು ಕಿಲೋವ್ಯಾಟ್ ಕೇಳಬೇಕು?

ಮನೆ ಕಟ್ಟಿಸುವವರು ನೆಲಕ್ಕೆ ಶಹಾಬಾದ್ ಫರಸಿಯೋ ಗ್ರಾನೈಟೋ ಎಂದು ತಿಂಗಳುಗಟ್ಟಲೆ ಚರ್ಚಿಸುತ್ತಾರೆ. ವಿದ್ಯುತ್ ಸಂಪರ್ಕದ ಅರ್ಜಿಯಲ್ಲಿರುವ ‘ಲೋಡ್’ ಎಂಬ ಒಂದು ಖಾನೆಯನ್ನು ಮಾತ್ರ ವೈರಿಂಗ್ ಮಾಡುವವರಿಗೆ ಬಿಟ್ಟುಬಿಡುತ್ತಾರೆ. ಅವರು ರೂಢಿಯಂತೆ 2 ಅಥವಾ 3 ಕಿಲೋವ್ಯಾಟ್ ಬರೆಯುತ್ತಾರೆ. ಬರೀ ಮನೆಗಾದರೆ ಅದು ಹೇಗೋ ನಡೆದೀತು. ಹಿತ್ತಲಲ್ಲಿ ವೆಲ್ಡಿಂಗ್ ಮಷೀನು, ಕಂಪ್ರೆಸರ್, ಲೇತ್ ಕೂರಿಸುವ ಯೋಚನೆ ಇದ್ದರೆ ಈ ಅಂಕಿಯನ್ನು ಪಾಯ ತೋಡುವ ಮೊದಲೇ ಲೆಕ್ಕ ಹಾಕಬೇಕು. ಪ್ಲಾಸ್ಟರ್ ಮುಗಿದ ಮೇಲೆ ದಪ್ಪ ಕೇಬಲ್ ಎಳೆಯಲು ಗೋಡೆ ಒಡೆಯದೆ ದಾರಿಯಿಲ್ಲ.

ಮೊದಲು ತೀರ್ಮಾನಿಸಬೇಕಾದದ್ದು: ಹವ್ಯಾಸವೋ, ದುಡಿಮೆಯೋ?

ಮನೆಯ ಮೀಟರ್ ಗೃಹ ಬಳಕೆಯ ದರದಲ್ಲಿರುತ್ತದೆ. ಸ್ವಂತ ಮನೆಯ ಗೇಟು ರಿಪೇರಿ ಮಾಡಿಕೊಳ್ಳಲು, ಬಿಡುವಿನಲ್ಲಿ ಕುರ್ಚಿ ಮೇಜು ಮಾಡಲು ಅದೇ ಮೀಟರ್ ಸಾಕು. ಗಿರಾಕಿಗಳಿಂದ ಹಣ ಪಡೆದು ಗ್ರಿಲ್ ಮಾಡಿಕೊಡುವುದಾದರೆ ವರ್ಕ್‌ಶಾಪಿಗೆ ಪ್ರತ್ಯೇಕ ಮೀಟರ್, ಪ್ರತ್ಯೇಕ ದರ ಬೇಕು. ಮನೆಯ ಮೀಟರಿನಲ್ಲಿ ದುಡಿಮೆ ನಡೆಸಿ ಸಿಕ್ಕಿಬಿದ್ದರೆ 2003ರ ವಿದ್ಯುತ್ ಕಾಯ್ದೆಯ 126ನೇ ಕಲಂ ಅನ್ವಯವಾಗುತ್ತದೆ. ಅನ್ವಯವಾಗಬೇಕಿದ್ದ ದರದ ಎರಡು ಪಟ್ಟು ವಸೂಲಿ ಮಾಡುತ್ತಾರೆ. ಯಾವಾಗಿನಿಂದ ಹೀಗೆ ಬಳಸಿದ್ದೀರಿ ಎಂಬುದು ಗೊತ್ತಾಗದಿದ್ದರೆ ಹಿಂದಿನ 12 ತಿಂಗಳ ಲೆಕ್ಕ ಹಾಕುತ್ತಾರೆ. ಇನ್ನೊಂದು ಕಾರಣವೂ ಇದೆ. ಗೃಹಜ್ಯೋತಿ ಮನೆ ಬಳಕೆಯ ಮೀಟರಿಗೆ ಮಾತ್ರ ಸಿಗುವ ಸೌಲಭ್ಯ. ತಿಂಗಳಿಗೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ನಿಮ್ಮ ತಲೆಗೇ ಬರುತ್ತದೆ. ವೆಲ್ಡಿಂಗ್ ಮಷೀನು ಆ ಗಡಿ ದಾಟಿಸಲು ಹೆಚ್ಚು ದಿನ ತೆಗೆದುಕೊಳ್ಳುವುದಿಲ್ಲ.

ಲೆಕ್ಕ: ಯಾವುದು ಯಾವುದರ ಜೊತೆ ಓಡುತ್ತದೆ?

ಎಲ್ಲ ಸಾಮಾನುಗಳ ವ್ಯಾಟ್ ಕೂಡಿಸಿದರೆ ಬರುವುದು ಸಂಪರ್ಕಿತ ಲೋಡ್. ಅದು ಬೇಕು, ಆದರೆ ನಿರ್ಧಾರ ಅದರ ಮೇಲಲ್ಲ. ಮೂರು ಮಲಗುವ ಕೋಣೆಯ ಒಂದು ಸಾಮಾನ್ಯ ಮನೆಯನ್ನು ತೆಗೆದುಕೊಳ್ಳಿ: ಎಲ್ಇಡಿ ದೀಪ ಎಲ್ಲ ಸೇರಿ 200 ವ್ಯಾಟ್, ಆರು ಫ್ಯಾನ್ 450, ಫ್ರಿಜ್ 200, ಟಿವಿ 100, ಮಿಕ್ಸರ್ 750, ಬಟ್ಟೆ ತೊಳೆಯುವ ಮಷೀನು 500, ಇಸ್ತ್ರಿ 1,000, ಗೀಸರ್ 2,000, ಒಂದೂವರೆ ಟನ್ನಿನ ಎರಡು ಎಸಿ 3,400, ಒಂದೂವರೆ ಎಚ್‌ಪಿ ಬೋರ್‌ವೆಲ್ ಪಂಪು 1,700. ಒಟ್ಟು 10.3 ಕಿಲೋವ್ಯಾಟ್. ಪಂಪಿನ ಮೇಲೆ ಬರೆದ ಎಚ್‌ಪಿಯನ್ನು 746ರಿಂದ ಗುಣಿಸಿ ಸುಮ್ಮನಾಗಬೇಡಿ. ಅದು ಮೋಟರ್ ಹೊರಗೆ ಕೊಡುವ ಶಕ್ತಿ. ಒಳಗೆ ಎಳೆಯುವುದು ಅದಕ್ಕಿಂತ ಹೆಚ್ಚು.

ವರ್ಕ್‌ಶಾಪಿನಲ್ಲಿ ಇನ್ವರ್ಟರ್ ವೆಲ್ಡಿಂಗ್ ಮಷೀನು 3.5, ಕಬ್ಬಿಣ ಕತ್ತರಿಸುವ 14 ಇಂಚಿನ ಕಟಾಫ್ ಮಷೀನು 2.2, ಎರಡು ಎಚ್‌ಪಿ ಕಂಪ್ರೆಸರ್ 2, ಎರಡು ಎಚ್‌ಪಿ ಲೇತ್ 2, ಗ್ರೈಂಡರ್ 0.85, ಡ್ರಿಲ್ 0.5, ದೀಪ ಫ್ಯಾನ್ 0.25. ಒಟ್ಟು 11.3 ಕಿಲೋವ್ಯಾಟ್.

ಎರಡೂ ಸೇರಿದರೆ 21.6. ಇಷ್ಟನ್ನು ಕೇಳಿದರೆ ತಿಂಗಳು ತಿಂಗಳೂ ನಿಗದಿತ ಶುಲ್ಕ ಸುಮ್ಮನೆ ಕಟ್ಟುತ್ತಿರಬೇಕಾಗುತ್ತದೆ. ಆ ಶುಲ್ಕ ಮಂಜೂರಾದ ಪ್ರತಿ ಕಿಲೋವ್ಯಾಟಿಗೆ ಬೀಳುತ್ತದೆ, ಕರೆಂಟ್ ಬಳಸಿರಿ ಬಿಡಿರಿ. ಆದ್ದರಿಂದ ದಿನದ ಅತಿ ಕೆಟ್ಟ ಹೊತ್ತು ಯಾವುದೆಂದು ನೋಡಿ. ಬೆಂಗಳೂರಿನ ಮನೆಗೆ ಅದು ಗೀಸರ್ ಓಡುವ ಬೆಳಗಿನ ಹೊತ್ತು ಇರಬಹುದು. ನಮ್ಮ ಕಲಬುರಗಿ, ಬೀದರ್ ಕಡೆ ಅದು ಮೇ ತಿಂಗಳ ಮಧ್ಯಾಹ್ನ. ಹೊರಗೆ 42 ಡಿಗ್ರಿ ದಾಟಿರುತ್ತದೆ. ಒಳಗೆ ಒಂದು ಎಸಿ, ಟ್ಯಾಂಕ್ ತುಂಬಿಸುವ ಪಂಪು, ಫ್ಯಾನ್, ಫ್ರಿಜ್ ಸೇರಿ 4 ಕಿಲೋವ್ಯಾಟ್ ಓಡುತ್ತಿರುತ್ತದೆ. ಹಿಂದೆ ಒಬ್ಬರು ವೆಲ್ಡಿಂಗ್, ಇನ್ನೊಬ್ಬರು ಗ್ರೈಂಡಿಂಗ್ ಮಾಡುತ್ತಿದ್ದು ಕಂಪ್ರೆಸರೂ ಓಡುತ್ತಿದ್ದರೆ, ಅಲ್ಲಿನ ದೀಪ ಫ್ಯಾನ್ ಸೇರಿ 6.6. ಒಟ್ಟು 10.6. ಇಬ್ಬರು ಕೆಲಸ ಮಾಡುವ ಜಾಗದಲ್ಲಿ ಲೇತ್, ಕಟಾಫ್, ವೆಲ್ಡಿಂಗ್ ಮೂರೂ ಒಟ್ಟಿಗೆ ಓಡಲಾರವು. ಹವ್ಯಾಸಕ್ಕೆ ಒಂದೇ ಮೀಟರ್ ಎಂದಾದರೆ 12 ಕಿಲೋವ್ಯಾಟ್ ಸರಿಯಾದ ಅಂಕಿ. ದುಡಿಮೆಯಾದರೆ ಮನೆಗೆ 5, ವರ್ಕ್‌ಶಾಪಿಗೆ 7.5, ಅಂದರೆ ಹತ್ತು ಎಚ್‌ಪಿ. ಅರ್ಜಿಯ ಜೊತೆ ಯಂತ್ರಗಳ ಪಟ್ಟಿಯನ್ನು ಮಾತ್ರ ಪೂರ್ತಿ ಕೊಡಿ. ತಪಾಸಣೆಗೆ ಬಂದವರು ಎಣಿಸುವುದು ಯಂತ್ರಗಳ ಮೇಲಿನ ನಾಮಫಲಕವನ್ನೇ.

ಮುಂದೆ ಯಂತ್ರ ಹೆಚ್ಚಾದರೆ ಲೋಡ್ ಏರಿಸಿಕೊಳ್ಳುವುದು ಒಂದು ಅರ್ಜಿಯ ಕೆಲಸ. ಕೇಬಲ್ ಬದಲಿಸುವುದು ಹಾಗಲ್ಲ. ಹಾಗಾಗಿ ಮಂಜೂರಾತಿ ಈಗಿನ ಅಗತ್ಯಕ್ಕೆ ತಕ್ಕಷ್ಟು, ಕೇಬಲ್, ಪೈಪು, ಮೀಟರ್ ಬೋರ್ಡಿನ ಜಾಗ ಮಾತ್ರ ಅದರ ಎರಡು ಪಟ್ಟಿಗೆ ಇರಲಿ. ಸ್ಮಾರ್ಟ್ ಮೀಟರ್ ಇದ್ದಲ್ಲಿ ಕೇಂದ್ರದ ವಿದ್ಯುತ್ ಗ್ರಾಹಕರ ಹಕ್ಕುಗಳ ನಿಯಮಗಳ 2023ರ ತಿದ್ದುಪಡಿಯಂತೆ, ಮಂಜೂರಾದ ಲೋಡನ್ನು ಒಂದು ಆರ್ಥಿಕ ವರ್ಷದಲ್ಲಿ ಕನಿಷ್ಠ ಮೂರು ಬಾರಿ ಮೀರಿದರೆ ಮೀರಿದ ತಿಂಗಳುಗಳ ಪೈಕಿ ಅತಿ ಕಡಿಮೆ ಬೇಡಿಕೆಗೆ ಲೋಡ್ ಪರಿಷ್ಕರಣೆಯಾಗುತ್ತದೆ. ಮೀಟರ್ ದಾಖಲಿಸುವುದು ಕೆಲ ನಿಮಿಷಗಳ ಸರಾಸರಿಯನ್ನು. ಪಂಪು ಶುರುವಾಗುವಾಗಿನ ಕ್ಷಣದ ಎಳೆತ ಅಲ್ಲಿ ಲೆಕ್ಕಕ್ಕಿಲ್ಲ.

ವೆಲ್ಡಿಂಗ್ ಮಷೀನಿನ ಮೇಲೆ ಬರೆದಿರುವ 200

ಎಡವಟ್ಟಾಗುವುದು ಹೆಚ್ಚಾಗಿ ಇಲ್ಲೇ. ‘ಆರ್ಕ್ 200’ ಎಂದರೆ ರಾಡಿನ ತುದಿಯಲ್ಲಿ 200 ಆಂಪಿಯರ್ ಕೊಡಬಲ್ಲದು ಎಂದರ್ಥ. ಗೋಡೆಯ ಸಾಕೆಟ್‌ನಿಂದ ಎಳೆಯುವುದು ಅಷ್ಟಲ್ಲ. ಆರ್ಕಿನ ವೋಲ್ಟೇಜ್ ಅಂದಾಜಿಗೆ ಒಂದು ಸೂತ್ರವಿದೆ: 20ಕ್ಕೆ ಆಂಪಿಯರಿನ 0.04 ಪಟ್ಟು ಸೇರಿಸಿ. 3.15 ಮಿ.ಮೀ. ರಾಡಿಗೆ 120 ಆಂಪಿಯರ್ ಇಟ್ಟರೆ ಆರ್ಕಿನಲ್ಲಿ 24.8 ವೋಲ್ಟ್, ಸುಮಾರು 3 ಕಿಲೋವ್ಯಾಟ್. ಮಷೀನಿನ ದಕ್ಷತೆ ಶೇ 85 ಎಂದರೆ ಒಳಗೆ ಎಳೆಯುವುದು 3.5 ಕಿಲೋವ್ಯಾಟ್. ಪವರ್ ಫ್ಯಾಕ್ಟರ್ (ಎಳೆದದ್ದರಲ್ಲಿ ನಿಜವಾಗಿ ಕೆಲಸಕ್ಕೆ ಬರುವ ಪಾಲು) 0.7 ಹಿಡಿದರೆ 5 ಕೆವಿಎ, ಅಂದರೆ 230 ವೋಲ್ಟಿನಲ್ಲಿ 22 ಆಂಪಿಯರ್. 2.5 ಮಿ.ಮೀ. ರಾಡಿಗೆ 90 ಆಂಪಿಯರ್ ಇಟ್ಟರೂ ಸುಮಾರು 15.5 ಆಂಪಿಯರ್ ಹೋಗುತ್ತದೆ. ಪೂರ್ತಿ 200ಕ್ಕೆ ತಿರುಗಿಸಿದರೆ 41. ಮಾಮೂಲಿ 16 ಆಂಪಿಯರ್ ಪ್ಲಗ್ಗು ಕಪ್ಪಾಗಿ ಕರಗುವುದು ಇದರಿಂದಲೇ. 120 ಆಂಪಿಯರಿನವರೆಗಿನ ಕೆಲಸಕ್ಕೆ 32 ಆಂಪಿಯರಿನ ಇಂಡಸ್ಟ್ರಿಯಲ್ ಸಾಕೆಟ್ ಹಾಕಿ.

ಹಳೆಯ ಟ್ರಾನ್ಸ್‌ಫಾರ್ಮರ್ ಮಾದರಿಯ ಮಷೀನು ಅಗ್ಗಕ್ಕೆ ಸಿಗುತ್ತದೆ ಎಂದು ತಂದರೆ ಅದರ ಪವರ್ ಫ್ಯಾಕ್ಟರ್ ತೀರಾ ಕಡಿಮೆ. ಅಷ್ಟೇ ಕೆಲಸಕ್ಕೆ ಕರೆಂಟ್ ಬಹಳ ಎಳೆಯುತ್ತದೆ, ಕೆಪ್ಯಾಸಿಟರ್ ಹಾಕಬೇಕಾಗುತ್ತದೆ, ಆರ್ಕ್ ಹಚ್ಚಿದಾಗಲೆಲ್ಲ ಓಣಿಯ ದೀಪಗಳು ಮಿಣುಕುತ್ತವೆ. ಹೊಸ ವರ್ಕ್‌ಶಾಪಿಗೆ ಅದು ಬೇಡ.

ಒಂದು ಫೇಸೋ, ಮೂರು ಫೇಸೋ?

ಲೋಡ್ 5 ಕಿಲೋವ್ಯಾಟ್ ದಾಟುವ ಹಾಗಿದ್ದರೆ ಅಥವಾ 2 ಎಚ್‌ಪಿ ಮೇಲಿನ ಮೋಟರ್ ಬರುವುದಿದ್ದರೆ ಮೂರು ಫೇಸ್ ಕೇಳಿ. 3 ಎಚ್‌ಪಿ ಮೂರು ಫೇಸ್ ಮೋಟರ್ ಓಡುವಾಗ ಪ್ರತಿ ಫೇಸಿನಲ್ಲಿ 5 ಆಂಪಿಯರ್ ಒಳಗೇ ಎಳೆಯುತ್ತದೆ; ಶುರುವಾಗುವಾಗ ಅದರ ಆರು ಪಟ್ಟು. ಒಂದು ಫೇಸಿನ 2 ಎಚ್‌ಪಿ ಮೋಟರ್ ಓಡುವಾಗಲೇ 10 ಆಂಪಿಯರಿನಷ್ಟು ಎಳೆಯುತ್ತದೆ, ಶುರುವಿನಲ್ಲಿ 50ಕ್ಕೂ ಮೀರುತ್ತದೆ.

ಅರ್ಜಿಗೆ ಮೊದಲು ನಮ್ಮ ಭಾಗದ ವಿದ್ಯುತ್ ಕಂಪನಿ ಜೆಸ್ಕಾಂನ ಶಾಖಾ ಕಚೇರಿಯಲ್ಲಿ ಒಂದು ಪ್ರಶ್ನೆ ಕೇಳಿ: ನಮ್ಮ ಮನೆಗೆ ಬರುವ ಟಿ.ಸಿ. (ಟ್ರಾನ್ಸ್‌ಫಾರ್ಮರ್) ಯಾವ ಫೀಡರಿನ (ಸಬ್‌ಸ್ಟೇಷನ್ನಿನಿಂದ ಬರುವ ಲೈನಿನ) ಮೇಲಿದೆ? ಅಫಜಲಪುರ, ಶಹಾಪುರ, ಭಾಲ್ಕಿ ಕಡೆ ಊರ ಹೊರಗೆ ಹೊಲದ ಬದಿ ಮನೆ ಕಟ್ಟುವವರಿಗೆ ಇದು ಬಹಳ ಮುಖ್ಯ. ಪಂಪ್‌ಸೆಟ್ ಫೀಡರಿನಲ್ಲಿ ಮೂರು ಫೇಸ್ ಸಿಗುವುದು ದಿನಕ್ಕೆ 7 ಗಂಟೆಯ ಆಸುಪಾಸು, ಅದೂ ಪಾಳಿಯಲ್ಲಿ. ಊರಿನ ಮನೆಗಳಿಗೆ ದಿನವಿಡೀ ಕರೆಂಟ್ ಕೊಡುವ ನಿರಂತರ ಜ್ಯೋತಿ ಫೀಡರಿನಿಂದ ಸಂಪರ್ಕ ಸಿಗದಿದ್ದರೆ ಲೇತ್ ಹಗಲೆಲ್ಲ ಸುಮ್ಮನೆ ನಿಲ್ಲುತ್ತದೆ. ಹಾಗೆಯೇ ಪಕ್ಕದ ಮನೆಯಲ್ಲಿ ಸಂಜೆ ಏಳರ ಹೊತ್ತಿಗೆ ಮಲ್ಟಿಮೀಟರ್ ಹಿಡಿದು ವೋಲ್ಟೇಜ್ ನೋಡಿ. ನಿಯಮದಂತೆ ಏರಿಳಿತ ಶೇ 6 ಒಳಗಿರಬೇಕು, ಅಂದರೆ 216ರಿಂದ 244. ಅಲ್ಲಿ 190 ತೋರಿಸಿದರೆ ನೀವು ಎಷ್ಟು ಕಿಲೋವ್ಯಾಟ್ ಮಂಜೂರು ಮಾಡಿಸಿಕೊಂಡರೂ ಮೋಟರ್ ಬಿಸಿಯಾಗುವುದು ತಪ್ಪದು.

ಮೂರು ಫೇಸ್ ತಂದು ಎಲ್ಲವನ್ನೂ ಒಂದೇ ಫೇಸಿಗೆ ಕಟ್ಟಿದರೆ ಬಂದ ಲಾಭವೇನೂ ಇಲ್ಲ. 12 ಕಿಲೋವ್ಯಾಟ್ ಸಮನಾಗಿ ಹಂಚಿದರೆ ಪ್ರತಿ ಫೇಸಿಗೆ ಸುಮಾರು 20 ಆಂಪಿಯರ್. ಇದನ್ನು ನೋಡಿ 25 ಆಂಪಿಯರಿನ ಮೇನ್ ಎಂಸಿಬಿ (ಕರೆಂಟ್ ಮಿತಿ ಮೀರಿದರೆ ತಾನೇ ಬೀಳುವ ಸ್ವಿಚ್) ಹಾಕುತ್ತಾರೆ. ಆದರೆ ವೆಲ್ಡಿಂಗ್ ಮಷೀನು ಕೂತ ಫೇಸಿನಲ್ಲಿ ಅದೊಂದೇ 22 ಆಂಪಿಯರ್. ಅದೇ ಫೇಸಿನಲ್ಲಿ ಎಸಿಯೂ ಇದ್ದರೆ ಸರಿಯಾಗಿ ಬೇಸಿಗೆಯಲ್ಲೇ ಮನೆ ಕತ್ತಲಾಗುತ್ತದೆ. ವೆಲ್ಡಿಂಗ್ ಆರ್ ಫೇಸಿಗೆ, ಎಸಿಗಳು ವೈ ಫೇಸಿಗೆ, ಪಂಪು ಮತ್ತು ಗೀಸರ್ ಬಿ ಫೇಸಿಗೆ ಇರಲಿ. ಮೇನ್‌ಗೆ 40 ಆಂಪಿಯರಿನ ನಾಲ್ಕು ಪೋಲ್ ಎಂಸಿಬಿ ಹಾಕಿ.

ನ್ಯೂಟ್ರಲ್ ಜಾಯಿಂಟ್ ಸಡಿಲವಾಗಬಾರದು. ಮೂರು ಫೇಸಿನಲ್ಲಿ ನ್ಯೂಟ್ರಲ್ ತುಂಡಾದರೆ ಕಡಿಮೆ ಲೋಡ್ ಇರುವ ಫೇಸಿಗೆ 300 ವೋಲ್ಟಿಗೂ ಹೆಚ್ಚು ನುಗ್ಗಬಹುದು. ಟಿವಿ, ಫ್ರಿಜ್ ಒಟ್ಟಿಗೆ ಸುಡುವುದು ಹೀಗೆ. ನ್ಯೂಟ್ರಲ್ ತಂತಿಗೆ ಫ್ಯೂಸ್ ಹಾಕಬೇಡಿ. ವೋಲ್ಟೇಜ್ ಏರಿದಾಗ ತಾನೇ ಕಡಿದುಹಾಕುವ ರಿಲೇ ಒಂದನ್ನು ಮೇನ್ ಬೋರ್ಡಿನಲ್ಲಿ ಕೂರಿಸಿ. ಮೂರು ಫೇಸ್ ಮೋಟರಿಗೆ ಸಿಂಗಲ್ ಫೇಸಿಂಗ್ ಪ್ರಿವೆಂಟರ್ (ಒಂದು ಫೇಸ್ ಹೋದರೆ ಮೋಟರ್ ನಿಲ್ಲಿಸುವ ಸಾಧನ) ಇರಲೇಬೇಕು.

ಕೇಬಲ್: ಬಿಸಿಲನ್ನೂ ಲೆಕ್ಕಕ್ಕೆ ಹಿಡಿಯಿರಿ

ಕಂಬದಿಂದ ಮೀಟರಿಗೆ ನಾಲ್ಕು ಕೋರಿನ 16 ಚ.ಮಿ.ಮೀ. ಅಲ್ಯುಮಿನಿಯಂ ಆರ್ಮರ್ಡ್ ಕೇಬಲ್ ಈ ಲೋಡಿಗೆ ಆರಾಮಾಗಿ ಸಾಕು. ಮನೆಯೊಳಗೆ ದೀಪಕ್ಕೆ 1.5, ಪವರ್ ಸಾಕೆಟ್ಟಿಗೆ 2.5, ಎಸಿ ಮತ್ತು ಗೀಸರಿಗೆ 4 ಚ.ಮಿ.ಮೀ. ತಾಮ್ರ.

ವರ್ಕ್‌ಶಾಪ್ ಮೇನ್ ಬೋರ್ಡಿನಿಂದ 30 ಮೀಟರ್ ಹಿಂದಿದೆ ಎನ್ನೋಣ. ಹೋಗಿ ಬರುವ ತಂತಿ 60 ಮೀಟರ್. 22 ಆಂಪಿಯರ್ ಎಳೆದಾಗ 2.5 ಚ.ಮಿ.ಮೀ. ತಂತಿಯಲ್ಲಿ 10.5 ವೋಲ್ಟ್ ಕಳೆದುಹೋಗುತ್ತದೆ, 6 ಚ.ಮಿ.ಮೀ.ನಲ್ಲಿ 4.4 ಮಾತ್ರ. ತಂತಿ ಕಾದಷ್ಟೂ ಈ ನಷ್ಟ ಇನ್ನೂ ಏರುತ್ತದೆ. ಜೊತೆಗೆ ಪಟ್ಟಿಯಲ್ಲಿ 30 ಡಿಗ್ರಿಗೆ ಬರೆದಿರುವ ಪಿವಿಸಿ ತಂತಿಯ ಸಾಮರ್ಥ್ಯ 45 ಡಿಗ್ರಿಯಲ್ಲಿ 0.79 ಪಟ್ಟಿಗೆ, 55 ಡಿಗ್ರಿಯಲ್ಲಿ 0.61 ಪಟ್ಟಿಗೆ ಇಳಿಯುತ್ತದೆ. ಮೇ ತಿಂಗಳಲ್ಲಿ ತಗಡಿನ ಶೆಡ್ಡಿನ ಕೆಳಗೇ ಪೈಪು ಹಾಯಿಸಿದರೆ 55 ಎನ್ನುವುದು ದೂರದ ಮಾತಲ್ಲ. ಪೈಪನ್ನು ಗೋಡೆಯ ಕೆಳಭಾಗದಲ್ಲಿ ಅಥವಾ ನೆಲದಡಿ ಒಯ್ಯಿರಿ, ವರ್ಕ್‌ಶಾಪಿಗೆ 6 ಚ.ಮಿ.ಮೀ. ತಾಮ್ರವೇ ಇರಲಿ.

ಅರ್ಥಿಂಗ್: ಎರೆ ಮಣ್ಣು ಬೇರೆ, ಬೀದರಿನ ಕೆಂಪು ಕಲ್ಲು ಬೇರೆ

ಎರಡೂವರೆ ಮೀಟರ್ ಉದ್ದ, 40 ಮಿ.ಮೀ. ದಪ್ಪದ ಜಿಐ ಪೈಪನ್ನು ಹಸಿ ಎರೆ ಮಣ್ಣಿನಲ್ಲಿ ಹೂತರೆ, ಮಣ್ಣಿನ ರೋಧ 10 ಓಮ್-ಮೀಟರ್ ಇದ್ದಲ್ಲಿ, ಸುಮಾರು 3.5 ಓಮ್ ಸಿಗುತ್ತದೆ. ಅದೇ ಪೈಪನ್ನು 200 ಓಮ್-ಮೀಟರಿನ ಒಣ ಜಂಬಿಟ್ಟಿಗೆ ನೆಲದಲ್ಲಿ ಹೂತರೆ 70 ಓಮ್. ಲೇತಿನ ಮೈಗೆ ಫೇಸ್ ತಾಗಿದರೆ ಆಗ ಭೂಮಿಗೆ ಹರಿಯುವುದು ಬರೀ 3.3 ಆಂಪಿಯರ್. 16 ಆಂಪಿಯರಿನ ಎಂಸಿಬಿಗೆ ಅದು ತಿಳಿಯುವುದೇ ಇಲ್ಲ. ಲೇತ್ ಮುಟ್ಟಿದವರಿಗೆ ತಿಳಿಯುತ್ತದೆ. ಭೂಮಿಗೆ ಕರೆಂಟ್ ಸೋರಿದ ಕೂಡಲೇ ಕಡಿದುಹಾಕುವ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಬೇಕೇಬೇಕು ಎನ್ನುವುದು ಈ ಲೆಕ್ಕದಿಂದ. ಬೀದರ್ ಕಡೆ 5 ಮೀಟರ್ ಅಂತರದಲ್ಲಿ ಎರಡು ಪೈಪು ಹೂತು ಜೋಡಿಸಿ, ರೋಧ ಹೆಚ್ಚುಕಡಿಮೆ ಅರ್ಧಕ್ಕಿಳಿಯುತ್ತದೆ. ಎರೆ ಭೂಮಿಗೂ ಅದರದೇ ತೊಂದರೆ ಇದೆ: ಬೇಸಿಗೆಯಲ್ಲಿ ಬಿರಿದು ಪೈಪನ್ನು ಬಿಟ್ಟುಬಿಡುತ್ತದೆ. ಗುಂಡಿಯಲ್ಲಿ ಉಪ್ಪಿನ ಬದಲು ಬೆಂಟೊನೈಟ್ ತುಂಬಿ, ಮಾರ್ಚಿನಿಂದ ಮಳೆ ಬೀಳುವವರೆಗೆ ನೀರು ಹಾಕುತ್ತಿರಿ. ಉಪ್ಪು ಕೆಲವೇ ವರ್ಷಗಳಲ್ಲಿ ಪೈಪನ್ನೇ ತಿನ್ನುತ್ತದೆ.

ಮನೆಗೊಂದು, ವರ್ಕ್‌ಶಾಪಿಗೊಂದು ಆರ್‌ಸಿಸಿಬಿ ಇಡಿ. ಗ್ರೈಂಡರ್ ಲೀಕ್ ಆದರೆ ಫ್ರಿಜ್ ಆಫ್ ಆಗಬಾರದು. ಎರಡರ ನ್ಯೂಟ್ರಲ್ ಎಲ್ಲಿಯೂ ಕೂಡಬಾರದು. ಕೂಡಿದರೆ ಕಾರಣವಿಲ್ಲದೆ ಟ್ರಿಪ್ ಆಗುತ್ತಲೇ ಇರುತ್ತದೆ, ಬೇಸತ್ತ ಯಾರೋ ಅದನ್ನು ಬೈಪಾಸ್ ಮಾಡಿಬಿಡುತ್ತಾರೆ. ಮೋಟರುಗಳಿಗೆ ಸಿ ಅಥವಾ ಡಿ ಮಾದರಿಯ ಎಂಸಿಬಿ ಹಾಕಿ. ಬಿ ಮಾದರಿ ತನ್ನ ಅಂಕಿಯ ಮೂರರಿಂದ ಐದು ಪಟ್ಟಿಗೇ ಬೀಳುವುದರಿಂದ ಕಂಪ್ರೆಸರ್ ಶುರುವಾಗಲು ಬಿಡುವುದಿಲ್ಲ.

ಅರ್ಜಿ, ಸಂಪರ್ಕ ಮತ್ತು ಮೊದಲ ದಿನ

ಪರವಾನಗಿ ಇರುವ ವಿದ್ಯುತ್ ಗುತ್ತಿಗೆದಾರರಿಂದಲೇ ವೈರಿಂಗ್ ಮಾಡಿಸಿ, ಅವರ ವರದಿಯನ್ನು ಅರ್ಜಿಯ ಜೊತೆ ಇಡಿ. ಸ್ವಾಧೀನ ಪ್ರಮಾಣಪತ್ರದ (ಒ.ಸಿ.) ವಿಚಾರವನ್ನು ಪಾಲಿಕೆಯಲ್ಲಿ ಮೊದಲೇ ಕೇಳಿಟ್ಟುಕೊಳ್ಳಿ. 2024ರ ಡಿಸೆಂಬರಿನ ಸುಪ್ರೀಂ ಕೋರ್ಟ್ ತೀರ್ಪು ಅದಿಲ್ಲದೆ ಸಂಪರ್ಕ ಕೊಡಬಾರದೆಂದು ಹೇಳಿದೆ. ಕಾಗದ ಪೂರ್ತಿ ಇದ್ದರೆ ಗ್ರಾಹಕರ ಹಕ್ಕುಗಳ ಅದೇ ನಿಯಮಗಳ 2024ರ ತಿದ್ದುಪಡಿಯಂತೆ ಪಟ್ಟಣದಲ್ಲಿ 7 ದಿನ, ಹಳ್ಳಿಯಲ್ಲಿ 15 ದಿನದೊಳಗೆ ಸಂಪರ್ಕ ಸಿಗಬೇಕು. ಛಾವಣಿಗೆ ಸೋಲಾರ್ ಹಾಕುವ ಯೋಚನೆ ಇದ್ದರೆ ಅದಕ್ಕಾಗಿ ಈಗಲೇ ಲೋಡ್ ಏರಿಸಬೇಕಿಲ್ಲ. 10 ಕಿಲೋವ್ಯಾಟ್‌ವರೆಗಿನ ಸೋಲಾರಿಗೆ ಬೇಕಾಗುವ ಲೋಡ್ ಏರಿಕೆಯನ್ನು ವಿದ್ಯುತ್ ಕಂಪನಿಯೇ ಮಾಡಿಕೊಡಬೇಕು.

ಮೀಟರ್ ಕೂತ ದಿನ ಲೈನ್‌ಮನ್ ಹೋಗುವ ಮೊದಲು ಮೂರು ಫೇಸಿಗೂ ನ್ಯೂಟ್ರಲ್ ಜೊತೆ ವೋಲ್ಟೇಜ್ ಅಳೆದು ಬರೆದಿಡಿ. ಆರ್‌ಸಿಸಿಬಿಯ ಟೆಸ್ಟ್ ಗುಂಡಿ ಒತ್ತಿ ನೋಡಿ. ಲೇತ್ ಉಲ್ಟಾ ತಿರುಗಿದರೆ ಸಪ್ಲೈ ಆಫ್ ಮಾಡಿಸಿ, ಯಾವುದಾದರೂ ಎರಡು ಫೇಸ್ ಅದಲುಬದಲು ಮಾಡಿಸಿದರೆ ಸರಿಹೋಗುತ್ತದೆ. ಆಮೇಲೆ ವೆಲ್ಡಿಂಗ್ ಹಚ್ಚಿ ಅದೇ ಫೇಸಿನ ವೋಲ್ಟೇಜನ್ನು ವರ್ಕ್‌ಶಾಪಿನ ಬೋರ್ಡಿನಲ್ಲೂ ಮೀಟರಿನ ಹತ್ತಿರವೂ ಅಳೆಯಿರಿ. ವರ್ಕ್‌ಶಾಪಿನಲ್ಲಿ ಮಾತ್ರ 10 ವೋಲ್ಟಿಗಿಂತ ಹೆಚ್ಚು ಕುಸಿದರೆ ನಿಮ್ಮ ಕೇಬಲ್ ಅಥವಾ ಅದರ ಲಗ್ ಜೋಡಣೆ ಸರಿಯಿಲ್ಲ. ಮೀಟರಿನಲ್ಲೇ ಅಷ್ಟು ಕುಸಿದರೆ ತೊಂದರೆ ಕಂಬದ ಕಡೆಯದು; ಅಳೆದ ಅಂಕಿಗಳನ್ನು ಹಿಡಿದು 1912ಕ್ಕೆ ದೂರು ಬರೆಸಿ, ದೂರಿನ ಸಂಖ್ಯೆ ಕೇಳಿ ಇಟ್ಟುಕೊಳ್ಳಿ.