ಐಫೆಲ್ ಟವರ್: ಲಿಫ್ಟ್ ಟಿಕೆಟ್ ಸಿಗದಿದ್ದಾಗ ನಾನು ಮಾಡಿದ್ದು

ಜೂನ್‌ನಲ್ಲಿ ಪ್ಯಾರಿಸ್‌ಗೆ ಹೋಗುವುದಿತ್ತು. ಮೂರು ವಾರ ಮೊದಲು ಜಯನಗರದ ಮನೆಯಲ್ಲಿ ಕೂತು ಟವರ್‌ನ ಅಧಿಕೃತ ವೆಬ್‌ಸೈಟ್ ತೆರೆದರೆ, ಲಿಫ್ಟ್ ಟಿಕೆಟ್ ಎಲ್ಲಾ ಖಾಲಿ. ದಿನಾ ರಿಫ್ರೆಶ್ ಮಾಡಿದೆ. ಬ್ರೌಸರ್ ಬದಲಿಸಿದೆ. ಏಜೆಂಟ್ ಒಬ್ಬರು ಎರಡು ಪಟ್ಟು ರೇಟ್ ಹೇಳಿದರು, ಬಿಟ್ಟೆ.

ಕೆಲಸ ಆಗಿದ್ದು ಮೆಟ್ಟಿಲ ಟಿಕೆಟ್‌ನಿಂದ. ಲಿಫ್ಟಿನದನ್ನು 60 ದಿನ ಮೊದಲೇ ಬಿಡುತ್ತಾರೆ, ಮೆಟ್ಟಿಲಿನದು ಬರೀ 14 ದಿನ ಮೊದಲು. ಕ್ಯಾಲೆಂಡರಿನಲ್ಲಿ ಸರಿಯಾಗಿ 14 ದಿನ ಹಿಂದಕ್ಕೆ ಎಣಿಸಿ ಗುರುತು ಹಾಕಿದೆ. ಬೇಸಿಗೆಯಲ್ಲಿ ಪ್ಯಾರಿಸ್ ನಮಗಿಂತ ಮೂರೂವರೆ ಗಂಟೆ ಹಿಂದೆ, ಅದನ್ನು ಮರೆಯಬೇಡಿ. ಬೆಳಗಿನ ಕಾಫಿ ಹೊತ್ತಿಗೆ ತೆರೆದೆ, ಮೊದಲ ಸ್ಲಾಟೇ ಸಿಕ್ಕಿತು. ತುದಿಗೂ ಹೋಗಬೇಕಾದರೆ 'ಮೆಟ್ಟಿಲು ಮತ್ತು ಲಿಫ್ಟ್' ಟಿಕೆಟ್ ಆರಿಸಿ.

ಎರಡನೇ ಹಂತಕ್ಕೆ 674 ಮೆಟ್ಟಿಲು. ಮಂಡಿ ನೋವಿದ್ದವರಿಗೆ ಬೇಡ. ಸೆಕ್ಯುರಿಟಿ ತಪಾಸಣೆಯ ಸಾಲು ಮಾತ್ರ ಯಾರಿಗೂ ತಪ್ಪಲ್ಲ.