ಸೇಂಟ್ ಲೂಸಿಯಾದಲ್ಲಿ ಹಾಯಿದೋಣಿ ನಡೆಸಿದ 10 ದಿನ

ನಮ್ಮಪ್ಪ ಮಲ್ಪೆಯಲ್ಲಿ ತಾಂಡೇಲರು, ಅಂದರೆ ಮೀನುದೋಣಿ ನಡೆಸುವವರಾಗಿದ್ದರು. ಮೀನಿನ ಬಗ್ಗೆ ಅವರು ಮನೆಯಲ್ಲಿ ಮಾತಾಡಿದ್ದು ಕಮ್ಮಿ. ಹೊಳೆ ಕಡಲಿಗೆ ಸೇರುವ ಅಳಿವೆಯ ಬಗ್ಗೆ ಮಾತ್ರ ದಿನಾ ಮಾತು. ಬಾಯಲ್ಲಿ ತೆರೆ ಹೇಗೆ ಒಡೆಯುತ್ತಿದೆ, ಗಾಳಿ ತಿರುಗಿತಾ, ಕತ್ತಲಾಗುವ ಮೊದಲು ಒಳಗೆ ಬರಬಹುದಾ. ನಡುಕಡಲಿಗಿಂತ, ದೋಣಿ ಕಟ್ಟುವ ದಕ್ಕೆ ಕಣ್ಣಿಗೆ ಕಾಣುವ ಹೊತ್ತಿಗೇ ದೋಣಿಗೆ ಆಪತ್ತು ಜಾಸ್ತಿ ಅನ್ನುತ್ತಿದ್ದರು. ಕಳೆದ ಫೆಬ್ರವರಿಯಲ್ಲಿ ಕೆರಿಬಿಯನ್ನಿನ ಸೇಂಟ್ ಲೂಸಿಯಾದಲ್ಲಿ ಹಾಯಿದೋಣಿ ಬಾಡಿಗೆಗೆ ಹಿಡಿದು 10 ದಿನ ಸುತ್ತಿದಾಗ ಆ ಮಾತು ದಿನಾ ಸಂಜೆ ನೆನಪಾಗುತ್ತಿತ್ತು.

ನಾನಿರುವುದು ಇಂಗ್ಲೆಂಡಿನ ಸೌತಾಂಪ್ಟನ್ನಿನಲ್ಲಿ. ಹಾಯಿ ಬಿಚ್ಚಲು ಕಲಿತದ್ದೂ ಅಲ್ಲೇ. ದೋಣಿ ನಡೆಸುವುದನ್ನು ಕಲಿಸುವ ಡೇ ಸ್ಕಿಪ್ಪರ್ ಕೋರ್ಸ್ ಮುಗಿಸಿ, ಐಸಿಸಿ ಎಂಬ ಅಂತರರಾಷ್ಟ್ರೀಯ ಸರ್ಟಿಫಿಕೇಟ್ ತೆಗೆದುಕೊಂಡಿದ್ದೆ. ನಮ್ಮದು 40 ಅಡಿಯ ದೋಣಿ. ಸ್ಕಿಪ್ಪರ್ ಇಲ್ಲದೆ ಬರೀ ದೋಣಿ ಕೊಡುವ ಬಾಡಿಗೆಗೆ ಅಲ್ಲಿ ಬೇರ್‌ಬೋಟ್ ಎನ್ನುತ್ತಾರೆ. ಅದಕ್ಕೆ ಸರ್ಟಿಫಿಕೇಟ್ ಒಂದೇ ಸಾಲದು. ಎಷ್ಟು ಅಡಿಯ ದೋಣಿ, ಎಲ್ಲಿ, ಎಷ್ಟು ದಿನ ನಡೆಸಿದ್ದೀರಿ ಅಂತ ಪೂರಾ ಪಟ್ಟಿ ಕೇಳುತ್ತಾರೆ. ಆ ಪಟ್ಟಿಯನ್ನು ಸುಮ್ನೆ ಉದ್ದ ಮಾಡಬೇಡಿ. ಮೊದಲ ದಿನವೇ ಅವರ ಮನುಷ್ಯ ನಿಮ್ಮ ಜೊತೆ ಹತ್ತಿ, ದೋಣಿ ತಿರುಗಿಸಿ ತೋರಿಸಿ ಅನ್ನುತ್ತಾನೆ. ನಮ್ಮ ದೋಣಿಯಲ್ಲಿದ್ದವರು ನಾಲ್ಕು ಜನ: ನಾನು, ನಮ್ಮ ಯಜಮಾನರು, ತಮ್ಮ, ಅವನ ಹೆಂಡತಿ. ಇದಕ್ಕೂ ಹಿಂದೆ ಹಾಯಿದೋಣಿ ಹತ್ತಿ ಗೊತ್ತಿದ್ದವರು ನಾನು ಮತ್ತು ತಮ್ಮ ಇಬ್ಬರೇ.

ಸೇಂಟ್ ಲೂಸಿಯಾವನ್ನೇ ಆರಿಸಲು ಕಾರಣವಿದೆ. ಅಲ್ಲಿ ಗಾಳಿ ವರ್ಷಪೂರ್ತಿ ಪೂರ್ವದಿಂದ ಬೀಸುತ್ತದೆ. ದ್ವೀಪ ಉತ್ತರ ದಕ್ಷಿಣವಾಗಿ ಉದ್ದಕ್ಕೆ ಮಲಗಿದೆ, ನಡುವೆ ಗುಡ್ಡಗಳ ಸಾಲು. ಹಾಗಾಗಿ ಪಶ್ಚಿಮದ ತೀರ ಮರೆಯಲ್ಲಿದ್ದು ನೀರು ಶಾಂತವಾಗಿರುತ್ತದೆ. ಆ ತೀರದ ಸುಮಾರು 20 ನಾಟಿಕಲ್ ಮೈಲಿ ಉದ್ದದಲ್ಲೇ ದೋಣಿ ನಿಲ್ಲಿಸಲು ಮೂರು ಬೇರೆ ಬೇರೆ ಥರದ ಜಾಗ ಇವೆ. ಉತ್ತರದಲ್ಲಿ ರಾಡ್ನಿ ಬೇಯ ಮರೀನಾ ಎಂಬ ದೋಣಿ ನಿಲ್ದಾಣ, ನಡುವೆ ಮಾರಿಗಾಟ್ ಬೇಯ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಕೊಳ, ದಕ್ಷಿಣದಲ್ಲಿ ಸೂಫ್ರಿಯೇರ್‌ನ ದೋಣಿ ಕಟ್ಟಲು ನೀರಿನಲ್ಲಿ ತೇಲಿಸಿಟ್ಟ ಮೂರಿಂಗ್ ಬೋಯ್‌ಗಳು. ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ತೀರ ನಾನು ನೋಡಿಲ್ಲ. ಜೂನ್‌ನಿಂದ ನವೆಂಬರ್ ಕೊನೆಯವರೆಗೆ ಚಂಡಮಾರುತದ ಕಾಲ, ಆಗ ಬೇಡ. ಡಿಸೆಂಬರ್‌ನಲ್ಲಿ ಇನ್ನೊಂದು ತೊಂದರೆ. ಕ್ಯಾನರಿ ದ್ವೀಪದ ಲಾಸ್ ಪಾಲ್ಮಾಸ್‌ನಿಂದ ಅಟ್ಲಾಂಟಿಕ್ ದಾಟಿ ಬರುವ ಎಆರ್‌ಸಿ ಎಂಬ ದೋಣಿಗಳ ಜಾಥಾ 1990ರಿಂದ ರಾಡ್ನಿ ಬೇಯಲ್ಲೇ ಮುಗಿಯುತ್ತಿದೆ. ಆ ದಿನಗಳಲ್ಲಿ ಮರೀನಾ ತುಂಬಿ ತುಳುಕುತ್ತದೆ. ಫೆಬ್ರವರಿ, ಮಾರ್ಚ್ ನಮ್ಮಂಥವರಿಗೆ ಸರಿ.

ರಾಡ್ನಿ ಬೇಯ ಮರೀನಾ ಇರುವುದು ಒಳಗಿನ ಕೊಳದಲ್ಲಿ. ಹೊರಗಿನ ಕೊಲ್ಲಿಯಿಂದ ಒಂದು ಸಣ್ಣ ಕಾಲುವೆಯಲ್ಲಿ ಒಳಗೆ ಬರಬೇಕು. ಭಾರತದಲ್ಲಿ, ಇಂಗ್ಲೆಂಡಿನಲ್ಲಿ ಬಂದರಿನೊಳಗೆ ಬರುವಾಗ ಕೆಂಪು ಗುರುತು ಎಡಕ್ಕಿರಬೇಕು, ಹಸಿರು ಬಲಕ್ಕೆ. ಕೆರಿಬಿಯನ್ನಿನಲ್ಲಿ, ಇಡೀ ಅಮೆರಿಕಾ ಖಂಡಗಳಲ್ಲಿ, ಇದು ಪೂರ್ತಿ ಉಲ್ಟಾ. ಒಳಗೆ ಬರುವಾಗ ಕೆಂಪು ಬಲಕ್ಕೆ. ಪುಸ್ತಕದಲ್ಲಿ ಓದಿದ್ದೆ, ಪರೀಕ್ಷೆಯಲ್ಲಿ ಬರೆದಿದ್ದೆ. ಆದರೂ ಮೊದಲ ದಿನ ಪಿಜನ್ ಐಲೆಂಡಿನ ಕಡೆ ಹೋಗಿ ವಾಪಸ್ ಬರುವಾಗ ಕೆಂಪು ಗುರುತು ಕಂಡ ಕೂಡಲೇ ನನ್ನ ಕೈ ಚುಕ್ಕಾಣಿಯನ್ನು ಅದರ ಬಲಗಡೆಗೆ ತಿರುಗಿಸಿಬಿಟ್ಟಿತ್ತು. "ಅಕ್ಕಾ, ಕೆಂಪು ಬಲಕ್ಕೆ!" ಅಂತ ತಮ್ಮ ಮುಂದಿನಿಂದ ಕೂಗಿದ. ಎಂಜಿನ್ ನ್ಯೂಟ್ರಲ್‌ಗೆ ತಂದು, ಉಸಿರು ಎಳೆದುಕೊಂಡು, ಸರಿಯಾಗಿ ಒಳಗೆ ಬಂದೆ. ಅವತ್ತು ರಾತ್ರಿಯೇ ಚುಕ್ಕಾಣಿಯ ಬಲಗಡೆ ಒಂದು ಕೆಂಪು ಟೇಪ್ ಅಂಟಿಸಿದೆ. ಮಂಗಳೂರಲ್ಲೋ ಮುಂಬೈಯಲ್ಲೋ ಕಲಿತವರು ಯಾರೇ ಹೋದರೂ ಇದನ್ನು ಮಾಡಿ. ಕೈಗೆ ಆಗಿರುವ ಅಭ್ಯಾಸವನ್ನು ತಲೆ ಅಷ್ಟು ಬೇಗ ಬಿಡಿಸಲಾರದು.

ಮರೀನಾದಲ್ಲಿ 250ಕ್ಕೂ ಹೆಚ್ಚು ದೋಣಿಗಳಿಗೆ ಜಾಗವಿದೆ. ಬರುವ ಮೊದಲು ವಿಎಚ್‌ಎಫ್ ರೇಡಿಯೋದ ಚಾನೆಲ್ 16ರಲ್ಲಿ ಕರೆದು ದೋಣಿಯ ಉದ್ದ, ಅಗಲ, ನೀರಿನೊಳಗೆ ಎಷ್ಟು ಆಳ ಇಳಿಯುತ್ತದೆ ಅಂತ ಹೇಳಿದರೆ ಜಾಗದ ನಂಬರ್ ಕೊಡುತ್ತಾರೆ. ಯಾವ ಕಡೆಗೆ ಕಟ್ಟಬೇಕು ಅಂತಲೂ ಆಗಲೇ ಕೇಳಿಕೊಳ್ಳಿ. ಪೆಟ್ಟು ತಡೆಯುವ ಫೆಂಡರ್, ಹಗ್ಗ ಎಲ್ಲ ಕಾಲುವೆಗೆ ನುಗ್ಗುವ ಮೊದಲೇ ಆ ಕಡೆ ಇಳಿಬಿಟ್ಟಿರಬೇಕು, ಒಳಗೆ ಬಂದ ಮೇಲೆ ಪುರಸೊತ್ತು ಸಿಗುವುದಿಲ್ಲ. ದಕ್ಕೆಯಲ್ಲೇ ಕುಡಿಯುವ ನೀರು, ಕರೆಂಟು ಇವೆ. ಎರಡಕ್ಕೂ ದುಡ್ಡು ಬೇರೆ. ಸೇಂಟ್ ಲೂಸಿಯಾದ ಕರೆಂಟು ನಮ್ಮೂರಿನ ಹಾಗೆ 50 ಹರ್ಟ್ಸ್. ಡೀಸೆಲ್ ಹಾಕಿಸಲು ಬೇರೆ ದಕ್ಕೆ ಇದೆ. ದೋಣಿ ಎತ್ತಿ ನೆಲದ ಮೇಲಿಟ್ಟು ರಿಪೇರಿ ಮಾಡುವ ಯಾರ್ಡ್, ಹಾಯಿ ಹೊಲಿಯುವವರು, ಸ್ನಾನದ ಮನೆ, ಲಾಂಡ್ರಿ ಎಲ್ಲ ಅಲ್ಲೇ. ಕಸವನ್ನು ಇಲ್ಲೇ ಹಾಕಿ ಹೊರಡಬೇಕು, ಮುಂದೆ ಎಲ್ಲೂ ಅಷ್ಟು ಸಲೀಸಿಲ್ಲ.

ಇನ್ನು ದುಡ್ಡು. ಅಲ್ಲಿ ನಡೆಯುವುದು ಈಸ್ಟ್ ಕೆರಿಬಿಯನ್ ಡಾಲರ್. ಒಂದು ಅಮೆರಿಕನ್ ಡಾಲರಿಗೆ 2.70, 1976ರಿಂದ ಇದೇ ದರ. ಎರಡೂ ಡಾಲರ್ ಕೈಬದಲಾಗುತ್ತವೆ. ಹಾಗಾಗಿ ದೋಣಿ ಕಟ್ಟುವಾಗ ಹಗ್ಗ ಹಿಡಿದುಕೊಡುವವರಿರಲಿ, ಟ್ಯಾಕ್ಸಿಯವರಿರಲಿ, "ಯಾವ ಡಾಲರ್?" ಅಂತ ಮೊದಲೇ ಕೇಳಿ. ಕೇಳಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಎರಡನೇ ದಿನ ಬೆಳಿಗ್ಗೆ ಕೊಲ್ಲಿಯಲ್ಲಿ ಹಣ್ಣಿನ ದೋಣಿ ಬಂತು. ಬಣ್ಣಬಣ್ಣದ ಬಾವುಟ ಕಟ್ಟಿಕೊಂಡು, ದೋಣಿಯಿಂದ ದೋಣಿಗೆ ಹೋಗಿ ಮಾರುತ್ತಾರೆ. ಬಾಳೆಕಾಯಿ, ಮಾವು, ಪಪ್ಪಾಯಿ ನಡುವೆ ಜೀಗುಜ್ಜೆ, ಅಂದರೆ ಬ್ರೆಡ್‌ಫ್ರೂಟ್, ಕಂಡಾಗ ನನಗೂ ತಮ್ಮನಿಗೂ ಆದ ಖುಷಿ ಅಷ್ಟಿಷ್ಟಲ್ಲ. ಶಾಂತಸಾಗರದ ತಾಹಿತಿಯಿಂದ 1793ರಲ್ಲಿ ಕ್ಯಾಪ್ಟನ್ ಬ್ಲೈ ಹಡಗಿನಲ್ಲಿ ತಂದು ಕೆರಿಬಿಯನ್ನಿಗೆ ಇಳಿಸಿದ ಮರ ಅದು. ಬಾಳೆಕಾಯಿಗೆ ಅಲ್ಲಿ ಗ್ರೀನ್ ಫಿಗ್ ಎನ್ನುತ್ತಾರೆ. ಅದನ್ನು ಬೇಯಿಸಿ ಉಪ್ಪುಮೀನಿನ ಜೊತೆ ತಿನ್ನುವುದೇ ಅವರ ರಾಷ್ಟ್ರೀಯ ಊಟ. ಮಲ್ಪೆಯವರಿಗೆ ಇದಕ್ಕಿಂತ ಬೇರೆ ಬೇಕಾ?

ಮಾರಿಗಾಟ್ ಬೇ ರಾಡ್ನಿ ಬೇಯಿಂದ 8-9 ಮೈಲಿ ದಕ್ಷಿಣಕ್ಕೆ. ಹೊರಗಿನಿಂದ ನೋಡಿದರೆ ಬಾಯಿ ಎಲ್ಲಿದೆ ಅಂತಲೇ ಗೊತ್ತಾಗುವುದಿಲ್ಲ. ತೆಂಗಿನ ಮರಗಳಿರುವ ಮರಳಿನ ನಾಲಗೆಯೊಂದು ಅಡ್ಡ ಬಂದಿದೆ, ಅದರ ಹಿಂದೆ ಕೊಳ, ಸುತ್ತ ಕಾಂಡ್ಲಾ. ಚಂಡಮಾರುತ ಬಂದಾಗ ಹಿಂದಿನಿಂದಲೂ ದೋಣಿಯವರು ಓಡಿ ಬಂದು ಅವಿತುಕೊಳ್ಳುವ ಜಾಗ. ರಾತ್ರಿ ಒಂದು ತೆರೆಯೂ ಇಲ್ಲ. ಸೊಳ್ಳೆ ಮಾತ್ರ ಇದೆ, ಪರದೆ ಒಯ್ಯಿರಿ.

ನಾವು ಕಷ್ಟಪಟ್ಟಿದ್ದು ಸೂಫ್ರಿಯೇರ್‌ನಲ್ಲಿ. ಊರಿನ ದಕ್ಷಿಣಕ್ಕೆ ಎರಡು ಪಿಟನ್ ಶಿಖರಗಳು ನೀರಿನಿಂದ ನೇರ ಮೇಲೆದ್ದಿವೆ. ಗ್ರೋ ಪಿಟನ್ 771 ಮೀಟರ್, ಪೆಟಿ ಪಿಟನ್ 743 ಮೀಟರ್. ದೇಶದ ಬಾವುಟದಲ್ಲಿರುವ ತ್ರಿಕೋನ ಇವೇ ಶಿಖರಗಳದ್ದು. ಗುಡ್ಡ ಮೇಲಕ್ಕೆ ಎಷ್ಟು ಕಡಿದಾಗಿದೆಯೋ ನೀರಿನೊಳಗೂ ಅಷ್ಟೇ ಕಡಿದು. ದಡಕ್ಕೆ ಹತ್ತಿರ ಬಂದರೂ ಆಳ ಕಮ್ಮಿಯಾಗುವುದಿಲ್ಲ, ಲಂಗರು ಹಿಡಿಯುವುದಿಲ್ಲ. ಹಾಕಲು ಬಿಡುವುದೂ ಇಲ್ಲ. ಮೊದಲು ಹೊರಗಿನ ದೋಣಿಗಳ ಲಂಗರು ಹವಳವನ್ನು ಒಡೆಯುತ್ತಿತ್ತು. ಬಲೆ ಎಳೆಯುವ ಮೀನುಗಾರರಿಗೂ ಡೈವಿಂಗ್‌ನವರಿಗೂ ಹಾಯಿದೋಣಿಯವರಿಗೂ ಜಗಳವಾಗುತ್ತಿತ್ತು. 1995ರಲ್ಲಿ ಎಲ್ಲರನ್ನೂ ಸೇರಿಸಿಕೊಂಡು ಸೂಫ್ರಿಯೇರ್ ಮರೀನ್ ಮ್ಯಾನೇಜ್‌ಮೆಂಟ್ ಏರಿಯಾ ಮಾಡಿದರು. ಇಲ್ಲಿ ಮೀನುಗಾರರಿಗೆ ಮೊದಲ ಹಕ್ಕು, ಇಲ್ಲಿ ಹವಳ ಮುಟ್ಟುವ ಹಾಗಿಲ್ಲ, ಇಲ್ಲಿ ಹೊರಗಿನ ದೋಣಿಗೆ ಬೋಯ್ ಅಂತ ಕಡಲನ್ನೇ ಹಂಚಿದರು. ಮೀನುಗಾರರ ಮನೆಯಲ್ಲಿ ಹುಟ್ಟಿದವಳು ನಾನು. ಪ್ರವಾಸಿಗರ ದೋಣಿಗೋಸ್ಕರ ಬಲೆಯವರನ್ನು ಎಬ್ಬಿಸದೆ ಅವರ ಜಾಗವನ್ನು ನಕ್ಷೆಯಲ್ಲೇ ಬರೆದಿಟ್ಟಿದ್ದು ನೋಡಿ ಮನಸ್ಸು ತುಂಬಿ ಬಂತು. ಬೋಯ್‌ಗೆ ಕೊಡುವ ಬಾಡಿಗೆ ನನಗೆ ಹೊರೆ ಅನ್ನಿಸಲಿಲ್ಲ.

ನನ್ನ ತಪ್ಪು ಹೊತ್ತಿನದು. ದಾರಿಯಲ್ಲಿ ಆನ್ಸ್ ಕೊಶಾನ್‌ನಲ್ಲಿ ಈಜುತ್ತಾ, ಊಟ ಮಾಡುತ್ತಾ ಕೂತುಬಿಟ್ಟೆವು. ಸೂಫ್ರಿಯೇರ್ ಮುಟ್ಟಿದಾಗ ಸಂಜೆ 5 ಗಂಟೆ. ಇಂಗ್ಲೆಂಡಿನಲ್ಲಿ ಸೂರ್ಯ ಮುಳುಗಿದ ಮೇಲೂ ತುಂಬ ಹೊತ್ತು ಬೆಳಕಿರುತ್ತದೆ. ಇಲ್ಲಿ ನಮ್ಮೂರಿನ ಹಾಗೆ, ಮುಳುಗಿತು ಅಂದರೆ ಕತ್ತಲೆ. ಪಿಟನ್‌ಗಳ ನಡುವಿನ ಬೋಯ್‌ಗಳೆಲ್ಲ ಭರ್ತಿ. ಊರಿನ ಉತ್ತರದ ಬಂಡೆಯ ಬುಡದಲ್ಲಿ ಒಂದು ಖಾಲಿ ಇತ್ತು. ಗಾಳಿ ಸುಮ್ಮನಿದ್ದು, ಇದ್ದಕ್ಕಿದ್ದ ಹಾಗೆ ಗುಡ್ಡದಿಂದ ಧುಮುಕಿ ಹೊಡೆಯುತ್ತಿತ್ತು. ಮೊದಲ ಸಲ ಬೋಯ್ ತಪ್ಪಿತು. ಎರಡನೇ ಸಲ ತಮ್ಮ ಕೊಕ್ಕೆಕೋಲಿನಿಂದ ಹಿಡಿದ, ಅಷ್ಟರಲ್ಲಿ ಗಾಳಿ ಬಂದು ದೋಣಿಯ ಮೂತಿ ತಿರುಗಿತು, ಕೋಲು ಕೈಜಾರಿ ನೀರಿಗೆ ಬಿತ್ತು.

ಆಗ ಬಂದವರು ಒಬ್ಬ ಹಿರಿಯರು, ಔಟ್‌ಬೋರ್ಡ್ ಎಂಜಿನ್ನಿನ ಮರದ ಪಿರೋಗ್‌ನಲ್ಲಿ. ಕೋಲನ್ನು ನೀರಿನಿಂದ ಎತ್ತಿ ತಮ್ಮನ ಕೈಗೆ ಕೊಟ್ಟು, "ಗುಡ್ ಈವ್ನಿಂಗ್, ಕ್ಯಾಪ್ಟನ್" ಅಂದರು. ಆಮೇಲೆ ಹಗ್ಗ ಕೇಳಿದರು. 20 ಈಸ್ಟ್ ಕೆರಿಬಿಯನ್ ಡಾಲರ್ ಅಂತ ಮಾತಾಯಿತು. ಒಂದು ನಿಮಿಷದಲ್ಲಿ ಬೋಯ್‌ನ ಬಳೆಯೊಳಗೆ ಹಗ್ಗ ತೂರಿಸಿ ವಾಪಸ್ ಕೊಟ್ಟರು. ಈ ಹಗ್ಗ ಹಿಡಿಯುವವರ ಬಗ್ಗೆ ಹೊರಗಿನವರು ಗೊಣಗುವುದನ್ನು ಕೇಳಿದ್ದೇನೆ. ನನಗೆ ಅವರು ನಮ್ಮ ದಕ್ಕೆಯ ಜನರ ಹಾಗೇ ಕಂಡರು. ಬೇಡವಾದರೆ ನಗುಮುಖದಿಂದ ಬೇಡ ಅನ್ನಿ, ಬೇಕಾದರೆ ರೇಟು ಮಾತಾಡಿ.

ರಾತ್ರಿ 2 ಗಂಟೆಗೆ ಟಕ್ ಟಕ್ ಅಂತ ಸದ್ದಾಗಿ ಎಚ್ಚರವಾಯಿತು. ಗಾಳಿ ಬಿದ್ದುಹೋಗಿತ್ತು, ದೋಣಿ ತೇಲಿ ಬಂದು ಬೋಯ್‌ಗೆ ಬಡಿಯುತ್ತಿತ್ತು. ಟಾರ್ಚ್ ಬಿಟ್ಟು ನೋಡಿದೆ. ನಾನು ಒಂದೇ ಹಗ್ಗವನ್ನು ಎಡಗಡೆಯ ಗೂಟದಿಂದ ಬಳೆಯೊಳಗೆ ಹಾಯಿಸಿ ಬಲಗಡೆಯ ಗೂಟಕ್ಕೆ ಕಟ್ಟಿದ್ದೆ. ದೋಣಿ ಆಚೀಚೆ ತೂಗಿದಾಗೆಲ್ಲ ಆ ಹಗ್ಗ ಬಳೆಯಲ್ಲಿ ಗರಗಸದ ಹಾಗೆ ಎಳೆದಾಡುತ್ತಿತ್ತು. ಒಂದು ಜಾಗದಲ್ಲಿ ಹೊರಗಿನ ಹೆಣಿಗೆ ಸವೆದು, ಎಳೆಗಳು ಹತ್ತಿಯ ಹಾಗೆ ಉಬ್ಬಿದ್ದವು. ಮುಟ್ಟಿ ನೋಡಿದರೆ ಬೆಚ್ಚಗಿತ್ತು. ಯಜಮಾನರನ್ನು ಎಬ್ಬಿಸಿ ಇಬ್ಬರೂ ಸೇರಿ ಬದಲಾಯಿಸಿದೆವು. ಎಡದ ಗೂಟದಿಂದ ಹೊರಟ ಹಗ್ಗ ಬಳೆ ದಾಟಿ ಎಡಕ್ಕೇ ವಾಪಸ್, ಬಲದ್ದು ಬಲಕ್ಕೇ ವಾಪಸ್. ಹೀಗೆ ಕಟ್ಟಿದರೆ ಹಗ್ಗ ಬಳೆಯೊಳಗೆ ಓಡಾಡುವುದಿಲ್ಲ. ಒಂದು ಹರಿದರೂ ಇನ್ನೊಂದು ಇರುತ್ತದೆ. ಬೆಳಿಗ್ಗೆ ರೇಂಜರ್ ಬಂದು ಬಾಡಿಗೆ ತೆಗೆದುಕೊಂಡು ರಸೀದಿ ಕೊಟ್ಟರು. ಅವತ್ತಿನಿಂದ ನಮ್ಮ ನಿಯಮ ಒಂದೇ. ಮಧ್ಯಾಹ್ನ 2ರೊಳಗೆ ಮುಟ್ಟಬೇಕು. ಎಲ್ಲಿಗೆ, ಎಷ್ಟು ಗಂಟೆಗೆ ಸೇರಬೇಕು ಅಂತ ಮೊದಲು ಬರೆದು, ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿ ಲಂಗರು ಎತ್ತುವ ಹೊತ್ತು ಗೊತ್ತುಮಾಡುತ್ತಿದ್ದೆವು.

ಕೊನೆಯ ಮೂರು ದಿನ ಉತ್ತರದ ಮಾರ್ಟಿನಿಕ್‌ಗೆ ಹೋಗಿ ಬಂದೆವು. ಅದು ಫ್ರಾನ್ಸಿನ ಭಾಗ, ವೀಸಾ ವಿಷಯ ಮನೆಯಲ್ಲೇ ವಿಚಾರಿಸಿಕೊಂಡಿರಿ. ಎರಡು ದ್ವೀಪಗಳ ನಡುವಿನ ಕಡಲಿನಲ್ಲಿ ಗುಡ್ಡದ ಮರೆ ಇಲ್ಲ, ಅಟ್ಲಾಂಟಿಕ್‌ನ ತೆರೆ ನೇರ ಬರುತ್ತದೆ. ನೀರು ಪಶ್ಚಿಮಕ್ಕೆ ತಳ್ಳುತ್ತದೆ, ಹಾಗಾಗಿ ಗುರಿಗಿಂತ ಸ್ವಲ್ಪ ಪೂರ್ವಕ್ಕೆ ಮೂತಿ ಇಡಬೇಕು. ಸೇಂಟ್ ಲೂಸಿಯಾ ಬಿಡುವಾಗಲೂ ಮತ್ತೆ ಬರುವಾಗಲೂ ಕಸ್ಟಮ್ಸ್, ಇಮಿಗ್ರೇಷನ್, ಬಂದರು ಇಲಾಖೆ ಮೂರೂ ಕಡೆ ಕಾಗದ ಆಗಬೇಕು. ರಾಡ್ನಿ ಬೇಯಲ್ಲಿ ಮೂರೂ ಮರೀನಾದಲ್ಲೇ ಇವೆ. ಸೇಲ್‌ಕ್ಲಿಯರ್ ಎಂಬ ತಾಣದಲ್ಲಿ ವಿವರ ಮೊದಲೇ ತುಂಬಿದ್ದರೆ ಬೇಗ ಮುಗಿಯುತ್ತದೆ. ವಾಪಸ್ ಬಂದಾಗ ಕಾಗದ ಇನ್ನೂ ಆಗಿಲ್ಲ ಅನ್ನುವ ಗುರುತಿಗೆ ಹಳದಿ ಬಾವುಟ ಏರಿಸಿ, ಕ್ಯಾಪ್ಟನ್ ಒಬ್ಬರೇ ಇಳಿದು ಹೋಗಬೇಕು. ಕಾಗದ ಆಗುವವರೆಗೆ ಉಳಿದವರು ದೋಣಿ ಬಿಟ್ಟು ಇಳಿಯುವ ಹಾಗಿಲ್ಲ. ಆಫೀಸಿನೊಳಗೆ ಹೋದ ಕೂಡಲೇ ಕಾಗದ ಚಾಚಬೇಡಿ. ಮೊದಲು "ಗುಡ್ ಮಾರ್ನಿಂಗ್" ಅನ್ನಿ. ಅಲ್ಲಿ ನಮಸ್ಕಾರ ಇಲ್ಲದೆ ಕೆಲಸದ ಮಾತು ಶುರುಮಾಡುವುದು ಒರಟುತನ. ನಾನು ಅವರ ಕ್ರಿಯೋಲ್ ಮಾತಿನಲ್ಲಿ "ಬೊಂಜೂ" ಅಂದೆ. ಕೌಂಟರಿನ ಆಕೆ ನಕ್ಕು, "ಇಂಡಿಯಾದವರಾ? ಕ್ರಿಕೆಟ್ ನೋಡುತ್ತೀರಾ?" ಅಂತ ಕೇಳಿದರು. ಗ್ರೋ ಐಲೆಯ ಸ್ಟೇಡಿಯಂ ಅಲ್ಲಿಗೆ ಹತ್ತಿರವೇ. 2006ರ ಟೆಸ್ಟ್‌ನಲ್ಲಿ ನಮ್ಮ ದ್ರಾವಿಡ್ ಅಲ್ಲಿ 140 ಹೊಡೆದಿದ್ದನ್ನು ನಾನೂ ಹೇಳಿದೆ.

ಆ ದಿನ ಕಾಲುವೆಯೊಳಗೆ ಬಂದಿದ್ದು 1 ಗಂಟೆ 40 ನಿಮಿಷಕ್ಕೆ. ಕೆಂಪು ಬಲಕ್ಕಿತ್ತು, ಯಾರೂ ಕೂಗಬೇಕಾಗಿರಲಿಲ್ಲ. ಕಾಗದ ಮುಗಿಸಿ ಬಂದು ಹಳದಿ ಬಾವುಟ ಇಳಿಸಿ ಸೇಂಟ್ ಲೂಸಿಯಾದ ನೀಲಿ ಬಾವುಟ ಏರಿಸಿದೆ. ದೋಣಿ ಗಟ್ಟಿಯಾಗಿ ಕಟ್ಟಿದ್ದರಿಂದ ಎಣ್ಣೆ ಕಾಯಿಸಲು ಭಯವಿರಲಿಲ್ಲ. ಸೌತಾಂಪ್ಟನ್ನಿನಿಂದ ಒಯ್ದಿದ್ದ ಕಡಲೆಹಿಟ್ಟಿಗೆ ಮೆಣಸಿನಪುಡಿ, ಇಂಗು ಹಾಕಿ ತಮ್ಮನ ಹೆಂಡತಿ ಜೀಗುಜ್ಜೆ ಪೋಡಿ ಕರಿದಳು. "ಅತ್ತಿಗೆ, ಬಿಸಿ ಇರುವಾಗಲೇ ಕೊಟ್ಟು ಬನ್ನಿ" ಅಂತ ಒಂದು ತಟ್ಟೆ ನನ್ನ ಕೈಗಿಟ್ಟಳು. ನಮ್ಮ ಹಗ್ಗ ಹಿಡಿದಿದ್ದ ದಕ್ಕೆಯ ಹುಡುಗ ಒಂದು ತಿಂದು, ಇನ್ನೊಂದನ್ನು ಮುರಿದು ಒಳಗೆ ನೋಡಿದ. "ಇದು ನಮ್ಮ ಬ್ರೆಡ್‌ಫ್ರೂಟ್ ಅಲ್ವಾ?" ಅಂದ.