ಕೆರೆ ಹೂಳೆತ್ತುವ ಮುನ್ನ ಯಾರನ್ನು ಕೇಳಬೇಕು?

ಹಾವೇರಿ ಜಿಲ್ಲೆಯ ನಮ್ಮೂರ ಕೆರೆಯ ಹೂಳೆತ್ತಲು ಹೊರಟಾಗ ಪಂಚಾಯಿತಿಯವರನ್ನು, ರೈತರನ್ನು ಮಾತ್ರ ಕೂಡಿಸಿದ್ದೆವು. ಜೆಸಿಬಿ ಬಂದ ದಿನ ಮೀನು ಗುತ್ತಿಗೆ ಹಿಡಿದವರು ಅಡ್ಡ ನಿಂತರು; ಮರಿ ಬಿಟ್ಟು ಎರಡೇ ತಿಂಗಳಾಗಿತ್ತು. ಅವರ ಸಿಟ್ಟು ನ್ಯಾಯವಾದದ್ದೇ.

ಆದ್ದರಿಂದ ಮೊದಲು ಕೆರೆಯ ಸುತ್ತ ಒಂದು ದಿನ ನಡೆಯಿರಿ. ಬಟ್ಟೆ ಒಗೆಯುವವರು, ಕುರಿಗಾಹಿಗಳು, ಕೆರೆಯಂಗಳ ಒತ್ತಿ ಉಳುವವರು, ಕಾಲುವೆಯ ಕೊನೆಯ ಹೊಲದವರು, ಎಲ್ಲರನ್ನೂ ಬರೆದುಕೊಳ್ಳಿ. ಇವರಿಗೆ ನಷ್ಟವಿದೆಯೇ? ಕೆಲಸ ನಿಲ್ಲಿಸಬಲ್ಲರೇ? ಎರಡಕ್ಕೂ ಹೌದೆಂದಾದರೆ ಅವರ ಮನೆಗೇ ಹೋಗಿ ಮಾತನಾಡಿ. ನಷ್ಟವಿದ್ದೂ ಸಭೆಯಲ್ಲಿ ಬಾಯಿ ತೆರೆಯದವರನ್ನು, ಮುಖ್ಯವಾಗಿ ಹೆಣ್ಣುಮಕ್ಕಳನ್ನು, ಗ್ರಾಮಸಭೆಗೂ ಮೊದಲೇ ಕೇಳಿ. ಕೆರೆಯ ಅಚ್ಚುಕಟ್ಟು, ಅಂದರೆ ಅದರ ನೀರು ಹಾಯುವ ಜಮೀನು, 40 ಹೆಕ್ಟೇರ್ ಮೀರಿದ್ದರೆ ಸಣ್ಣ ನೀರಾವರಿ ಇಲಾಖೆಯನ್ನೂ ಸೇರಿಸಿಕೊಳ್ಳಿ.

ಯಾರ ಹೊಲಕ್ಕೆ ಎಷ್ಟು ಟ್ರ್ಯಾಕ್ಟರ್ ಮಣ್ಣು ಎಂಬುದನ್ನು ಯಂತ್ರ ಬರುವ ಮುನ್ನವೇ ಬರೆದಿಡಿ. ನಮ್ಮಲ್ಲಿ ಹೆಚ್ಚು ಜಗಳವಾದದ್ದು ಅದಕ್ಕೇ.